ಥಾಯ್ ಗೆಳತಿಯನ್ನು ಬ್ರಿಟನ್ನಿಗೆ ಕರೆಸಿಕೊಳ್ಳುವುದು: ಪ್ರವಾಸಿ ವೀಸಾ ಅರ್ಜಿಗೆ ಸಮಗ್ರ ಮಾರ್ಗದರ್ಶಿ

ಥಾಯ್ಲೆಂಡಿನ ಪಾಸ್‌ಪೋರ್ಟ್ ಇರುವವರು ಒಂದು ವಾರದ ಮಟ್ಟಿಗೆ ಬ್ರಿಟನ್ನಿಗೆ ಬರುವುದಾದರೂ ಮೊದಲೇ ವೀಸಾ ಪಡೆದುಕೊಂಡು ವಿಮಾನ ಹತ್ತಬೇಕು. ಇದಕ್ಕೆ ಸ್ಟ್ಯಾಂಡರ್ಡ್ ವಿಸಿಟರ್ ವೀಸಾ ಎಂದು ಹೆಸರು. ಊರು ನೋಡಲು ಬರುವವರಿಗೂ ಸ್ನೇಹಿತರ ಮನೆಗೆ ಬರುವವರಿಗೂ ಇದೊಂದೇ ವೀಸಾ. ಕೆಲಸದ ಮೇಲೆ ಕೆಲವು ವರ್ಷ ಬ್ಯಾಂಕಾಕಿನಲ್ಲಿದ್ದು ಆಮೇಲೆ ಇಂಗ್ಲೆಂಡಿಗೆ ಬಂದು ನೆಲೆಸಿದ ಕನ್ನಡಿಗರಲ್ಲಿ ನಾನೂ ಒಬ್ಬ. ಅಲ್ಲಿ ನಮಗೆ ಭಾಷೆ ಬಾರದ ಮೊದಲ ತಿಂಗಳುಗಳಲ್ಲಿ ಆಸ್ಪತ್ರೆಗೆ ಜೊತೆ ಬಂದವರು, ಬಾಡಿಗೆ ಕರಾರುಪತ್ರವನ್ನು ಸಾಲುಸಾಲಾಗಿ ಓದಿ ಹೇಳಿದವರು, ನನ್ನ ಹೆಂಡತಿಗೆ ಜ್ವರ ಬಂದಾಗ ಬೆಳಗಾಗುವುದರೊಳಗೆ ಅಕ್ಕಿಗಂಜಿ ಕಟ್ಟಿಸಿಕೊಂಡು ಬಾಗಿಲಿಗೆ ಬಂದವರು ನಮ್ಮ ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿದ್ದ ಗೆಳತಿ. ಅವರನ್ನು ಮೂರು ವಾರ ನಮ್ಮ ಮನೆಯಲ್ಲಿರಿಸಿಕೊಳ್ಳೋಣವೆಂದು ಕರೆದೆವು. ಮೊದಲ ಅರ್ಜಿ ತಿರಸ್ಕೃತವಾಯಿತು, ಎರಡನೆಯದಕ್ಕೆ ವೀಸಾ ಸಿಕ್ಕಿತು. ಎರಡು ಅರ್ಜಿಗಳ ನಡುವೆ ಅವರ ಸಂಬಳವೂ ಹೆಚ್ಚಲಿಲ್ಲ, ನನ್ನದೂ ಹೆಚ್ಚಲಿಲ್ಲ. ನಾವು ಕಾಗದಪತ್ರಗಳನ್ನು ಜೋಡಿಸಿದ ರೀತಿ ಬದಲಾಗಿತ್ತು. ಆ ರೀತಿಯನ್ನು ಹಂತಹಂತವಾಗಿ ಇಲ್ಲಿ ಬರೆದಿದ್ದೇನೆ.

ಮೊದಲು ನಿಯಮವನ್ನು ಓದಿಕೊಳ್ಳಿ

ಬ್ರಿಟನ್ನಿನ ವಲಸೆ ನಿಯಮಾವಳಿಯಲ್ಲಿ ಸಂದರ್ಶಕರಿಗೆಂದೇ ‘ಅಪೆಂಡಿಕ್ಸ್ ವಿ’ ಎಂಬ ಭಾಗವಿದೆ. ಅದರ 4.2ನೆಯ ಕಲಮು ಇಡೀ ವಿಷಯದ ತಾಯಿಬೇರು. ಅರ್ಜಿದಾರರು ಭೇಟಿ ಮುಗಿದ ಮೇಲೆ ದೇಶ ಬಿಟ್ಟು ಹೋಗುತ್ತಾರೆ, ಪದೇಪದೇ ಬಂದು ಇಲ್ಲಿಯೇ ವಾಸ ಮಾಡಿದಂತೆ ಇರುವುದಿಲ್ಲ, ನಿಯಮ ಒಪ್ಪುವ ಉದ್ದೇಶಕ್ಕಾಗಿಯೇ ನಿಜವಾಗಿ ಬರುತ್ತಿದ್ದಾರೆ, ನಿಷೇಧಿಸಿದ ಕೆಲಸಗಳಲ್ಲಿ ತೊಡಗುವುದಿಲ್ಲ, ಭೇಟಿಯ ಖರ್ಚಿಗೆ ಸಾಕಷ್ಟು ಹಣವಿದೆ ಎಂಬುದು ಅಧಿಕಾರಿಗೆ ಮನವರಿಕೆಯಾಗಬೇಕು. ಅಧಿಕಾರಿ ಇದನ್ನು ಸಂಶಯಕ್ಕೆ ಎಡೆಯೇ ಇಲ್ಲದಂತೆ ಸಾಬೀತು ಮಾಡಿ ಎಂದು ಕೇಳುವುದಿಲ್ಲ. ಹೌದೋ ಅಲ್ಲವೋ ಎಂಬುದರಲ್ಲಿ ಯಾವುದರ ಸಾಧ್ಯತೆ ಹೆಚ್ಚು ಎಂದು ತೂಗಿ ನೋಡುತ್ತಾರೆ. ಸಾಮಾನ್ಯವಾಗಿ ಸಂದರ್ಶನ ಇರುವುದಿಲ್ಲ. ನಿಮ್ಮ ಗೆಳತಿಯ ಮುಖ ನೋಡದ, ದನಿ ಕೇಳದ ಒಬ್ಬರು ಕಾಗದದಲ್ಲಿ ಕಂಡ ಜೀವನವನ್ನಷ್ಟೇ ನೋಡಿ ತೀರ್ಮಾನಿಸುತ್ತಾರೆ ಎಂಬುದನ್ನು ಪ್ರತಿ ಹಂತದಲ್ಲೂ ನೆನಪಿಡಿ.

ಕರೆಯುವವರು ಅನುಕೂಲಸ್ಥರಾಗಿದ್ದರೆ ವೀಸಾ ಸಿಕ್ಕೇಸಿಗುತ್ತದೆ ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ನಿಮ್ಮ ಹಣ ಖರ್ಚಿನ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಅವರು ವಾಪಸು ಹೋಗುತ್ತಾರೆಯೇ ಎಂಬ ಪ್ರಶ್ನೆಗೆ ಉತ್ತರ ಇರುವುದು ಥಾಯ್ಲೆಂಡಿನಲ್ಲಿ: ಅವರ ಕೆಲಸದಲ್ಲಿ, ಮನೆಯಲ್ಲಿ, ತಂದೆತಾಯಿಯಲ್ಲಿ, ಮಕ್ಕಳಲ್ಲಿ, ಹೊಲದಲ್ಲಿ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿಯೇ ಸರಿಪಡಿಸಬೇಕು. ಬ್ರಿಟಿಷ್ ಪೌರತ್ವವೋ ಶಾಶ್ವತ ವಾಸದ ಅನುಮತಿಯೋ ಇದ್ದವರು ಮಾತ್ರ ಅತಿಥಿಗಳನ್ನು ಕರೆಸಬಹುದು ಎಂದು ಹೇಳುವುದನ್ನು ಕೇಳಿದ್ದೇನೆ. ನಿಯಮದಲ್ಲಿ ಹಾಗಿಲ್ಲ. ಮೂರನೆಯವರು ಊಟ, ವಸತಿಯ ಹೊಣೆ ಹೊರುವುದಾದರೆ ಅವರಿಗೂ ಅರ್ಜಿದಾರರಿಗೂ ನಿಜವಾದ ವೈಯಕ್ತಿಕ ಅಥವಾ ವೃತ್ತಿ ಸಂಬಂಧ ಇರಬೇಕು, ಅವರು ವಲಸೆ ಕಾನೂನನ್ನು ಮೀರಿ ಇಲ್ಲಿ ಇರಬಾರದು, ಒಪ್ಪಿಕೊಂಡ ನೆರವನ್ನು ಕೊಡುವ ಶಕ್ತಿಯೂ ಮನಸ್ಸೂ ಅವರಿಗೆ ಇರಬೇಕು. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಇಲ್ಲಿ ದುಡಿಯುತ್ತಿರುವ ನಮ್ಮ ಹುಡುಗರು ಹುಡುಗಿಯರೂ ಧಾರಾಳವಾಗಿ ಕರೆಸಬಹುದು.

ನಮ್ಮ ಮೊದಲ ಅರ್ಜಿ ಎಡವಿದ್ದು ಎಲ್ಲಿ

ಖಾತೆಯಲ್ಲಿ ದೊಡ್ಡ ಮೊತ್ತ ಕಾಣಬೇಕು ಎಂದು ಬ್ಯಾಂಕಾಕಿನ ಒಬ್ಬ ಏಜೆಂಟರು ಹೇಳಿದ ಮಾತನ್ನು ನಂಬಿ, ಗೆಳತಿ ತಮ್ಮ ಅಕ್ಕನಿಂದ 3 ಲಕ್ಷ ಬಾತ್ (ಥಾಯ್ಲೆಂಡಿನ ನಾಣ್ಯ) ಕೈಗಡ ತಂದು, ಅರ್ಜಿಗೆ ಒಂಬತ್ತು ದಿನ ಮುಂಚೆ ಖಾತೆಗೆ ಹಾಕಿದರು. ಪ್ರತಿ ತಿಂಗಳ ಕೊನೆಗೆ 34,000 ಬಾತ್ ಸಂಬಳ ಬಂದು, ಹದಿನೈದು ದಿನದಲ್ಲಿ ಆ ಸಂಬಳದ ಅರ್ಧ ಖರ್ಚಾಗುತ್ತಿದ್ದ ಖಾತೆ ಅದು. ಅಂಥ ಖಾತೆಯಲ್ಲಿ ಆ ಒಂದು ಸಾಲು ಬಿಳಿ ಬಟ್ಟೆಯ ಮೇಲಿನ ಕಲೆಯಂತೆ ಎದ್ದು ಕಾಣುತ್ತಿತ್ತು. ಹಣದ ಮೂಲವನ್ನು ವಿವರಿಸಿಲ್ಲ, ಆದ್ದರಿಂದ ಇದು ಅರ್ಜಿದಾರರದ್ದೇ ಹಣವೆಂದು ನಂಬಲಾಗದು ಎಂದು ತಿರಸ್ಕಾರದ ಪತ್ರದಲ್ಲಿ ಬಂತು. ಆ ಮಾತು ನಿಜವೇ ಆಗಿತ್ತು.

ಎರಡನೆಯ ತಪ್ಪು ನನ್ನದು. ಆಹ್ವಾನ ಪತ್ರದಲ್ಲಿ ‘ಅವರು ಎಷ್ಟು ದಿನ ಬೇಕಾದರೂ ನಮ್ಮ ಮನೆಯಲ್ಲಿರಬಹುದು’ ಎಂದು ಬರೆದಿದ್ದೆ. ನಮ್ಮ ಕಡೆ ಮನೆಗೆ ಬಂದವರನ್ನು ಯಾವಾಗ ಹೊರಡುತ್ತೀರಿ ಎಂದು ಕೇಳುವುದೇ ಅಪಚಾರ. ಆ ಸಂಸ್ಕಾರದಲ್ಲಿ ಬೆಳೆದವನು ಪ್ರೀತಿಯಿಂದ ಬರೆದ ಮಾತು ಅದು. ಓದಿದ ಅಧಿಕಾರಿಗೆ ಅದರಲ್ಲಿ ಕಂಡದ್ದು, ಹಿಂದಿರುಗುವ ದಿನ ಗೊತ್ತಿಲ್ಲದ ಒಬ್ಬ ಪ್ರಯಾಣಿಕರು. ಆಮಂತ್ರಣದ ಭಾಷೆ ಬೇರೆ, ಅರ್ಜಿಯ ಭಾಷೆ ಬೇರೆ ಎಂಬುದು ಆ ಒಂದು ವಾಕ್ಯದಿಂದ ನನಗೆ ತಿಳಿಯಿತು.

ದಿನಗಳ ಲೆಕ್ಕ

ಪ್ರಯಾಣದ ದಿನಕ್ಕಿಂತ ಮೂರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಬೆರಳಚ್ಚು ಕೊಟ್ಟ ಮೇಲೆ ತೀರ್ಮಾನಕ್ಕೆ ಸಾಮಾನ್ಯವಾಗಿ ಮೂರು ವಾರ ಹಿಡಿಯುತ್ತದೆ. ಕಾಗದಪತ್ರ ಕೂಡಿಸಲು, ಅನುವಾದ ಮಾಡಿಸಲು ಒಂದು ತಿಂಗಳು ಬೇಕೇ ಬೇಕು. ಆದ್ದರಿಂದ ಆಗಸ್ಟಿನಲ್ಲಿ ಬರುವವರ ಕೆಲಸ ಏಪ್ರಿಲ್ ಕೊನೆಗೆ ಶುರುವಾಗಬೇಕು. ಥಾಯ್ಲೆಂಡಿನ ಹೊಸ ವರ್ಷವಾದ ಸೋಂಗ್‌ಕ್ರಾನ್ ಏಪ್ರಿಲ್ 13ರಿಂದ 15ರವರೆಗೆ ಬರುತ್ತದೆ. ಆ ವಾರ ಕಚೇರಿ, ಬ್ಯಾಂಕು, ಅನುವಾದದ ಅಂಗಡಿ ಎಲ್ಲದರ ಕೆಲಸವೂ ನಿಧಾನ. ಆ ರಜೆಯಲ್ಲಿ ಪ್ರವಾಸ ಹೊರಡುವವರು ಬಹಳವಾದ್ದರಿಂದ ಅದರ ಹಿಂದಿನ ವಾರಗಳಲ್ಲಿ ವೀಸಾ ಕೇಂದ್ರದಲ್ಲಿ ಬೇಕಾದ ದಿನ ಸಿಗುವುದೂ ಕಷ್ಟ.

ಆರು ತಿಂಗಳ ಅವಧಿಯ ವೀಸಾದ ಶುಲ್ಕ 2025ರ ಏಪ್ರಿಲ್ 9ರಂದು 115 ಪೌಂಡಿನಿಂದ 127 ಪೌಂಡಿಗೆ ಏರಿತು. ಶುಲ್ಕ ಆಗಾಗ ಏರುವುದರಿಂದ ಪಾವತಿಸುವ ದಿನದ ದರವನ್ನು ಸರ್ಕಾರದ ಜಾಲತಾಣದಲ್ಲೇ ನೋಡಿಕೊಳ್ಳಿ. ಎರಡು, ಐದು, ಹತ್ತು ವರ್ಷಗಳ ವೀಸಾಗಳೂ ಇವೆ. ಅವುಗಳಲ್ಲಿ ಒಮ್ಮೆಗೆ ಆರು ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ, ಹೆಚ್ಚಿನ ಅವಧಿ ಕೇಳಿ ಕಡಿಮೆ ಅವಧಿ ಸಿಕ್ಕಿದರೆ ವ್ಯತ್ಯಾಸದ ಹಣ ವಾಪಸು ಬರುವುದಿಲ್ಲ. ಮೊದಲ ಸಲ ಬರುವವರಿಗೆ ಆರು ತಿಂಗಳದ್ದೇ ಸಾಕು. ವೀಸಾ ಕೈಗೆ ಬರುವ ಮೊದಲು, ರದ್ದು ಮಾಡಿದರೆ ಹಣ ಬಾರದಂಥ ಟಿಕೆಟನ್ನು ಕೊಳ್ಳಬೇಡಿ. ಹೋಗಿಬರುವ ದಿನಗಳನ್ನು ನಿಶ್ಚಯಿಸಿ ಅರ್ಜಿಯಲ್ಲಿ ಬರೆದರೆ ಸಾಕಾಗುತ್ತದೆ.

ಗೆಳತಿಯ ಕಡೆಯ ಕಾಗದಗಳು

ಎಲ್ಲಕ್ಕಿಂತ ಹೆಚ್ಚು ಸಮಯವನ್ನು ಈ ಹಂತಕ್ಕೆ ಕೊಡಿ. ಉದ್ಯೋಗದಲ್ಲಿರುವವರಿಗೆ ಕಂಪನಿಯ ಪತ್ರವೇ ಬೆನ್ನೆಲುಬು. ಯಾವ ಹುದ್ದೆ, ಯಾವ ದಿನದಿಂದ ಕೆಲಸದಲ್ಲಿದ್ದಾರೆ, ತಿಂಗಳ ಸಂಬಳ ಎಷ್ಟು, ಯಾವ ದಿನದಿಂದ ಯಾವ ದಿನದವರೆಗೆ ರಜೆ ಮಂಜೂರಾಗಿದೆ, ಯಾವ ದಿನ ಕೆಲಸಕ್ಕೆ ಹಾಜರಾಗಬೇಕು ಎಂಬ ಐದೂ ಸಂಗತಿಗಳು ಆ ಪತ್ರದಲ್ಲಿರಬೇಕು. ಕೊನೆಯದನ್ನು ಬಹಳ ಕಂಪನಿಗಳು ತಾವಾಗಿ ಬರೆಯುವುದಿಲ್ಲ, ಕೇಳಿ ಬರೆಸಿಕೊಳ್ಳಬೇಕು. ಸಹಿ ಮಾಡಿದವರ ಹೆಸರಿನ ಕೆಳಗೆ, ಕರೆ ಮಾಡಿದರೆ ಯಾರಾದರೂ ಎತ್ತಿಕೊಳ್ಳುವ ಫೋನ್ ಸಂಖ್ಯೆ ಇರಲಿ. ಪತ್ರವೊಂದನ್ನೇ ನಂಬಿ ಕೂರದೆ, ಅದನ್ನು ಬೇರೆ ಕಡೆಯಿಂದ ಸಮರ್ಥಿಸುವ ಕಾಗದಗಳನ್ನೂ ಸೇರಿಸಬೇಕು. ಥಾಯ್ಲೆಂಡಿನಲ್ಲಿ ಮಾಲೀಕರು ಪ್ರತಿ ವರ್ಷ ಕೊಡುವ, ಸಂಬಳದಿಂದ ಕಡಿತವಾದ ತೆರಿಗೆಯ ಪ್ರಮಾಣಪತ್ರವನ್ನು ಅಲ್ಲಿಯವರು ‘ಹಾಸಿಪ್ ತವಿ’ ಎಂದು ಕರೆಯುತ್ತಾರೆ. ನಮ್ಮ ಫಾರ್ಮ್ 16 ಇದ್ದ ಹಾಗೆ. ಸಂಬಳದ ವರಮಾನವಷ್ಟೇ ಇರುವವರು ಸಲ್ಲಿಸುವ ತೆರಿಗೆ ವಿವರಪಟ್ಟಿಗೆ ‘ಪೋ ಙೋ ಡೋ 91’ ಎಂದು ಹೆಸರು. ಸಾಮಾಜಿಕ ಭದ್ರತಾ ನಿಧಿಗೆ ತಿಂಗಳು ತಿಂಗಳು ಕಟ್ಟಿದ ದಾಖಲೆಯೂ ಸಿಗುತ್ತದೆ. ಈ ಮೂರರಲ್ಲಿ ಎರಡಿದ್ದರೂ, ಉದ್ಯೋಗ ನಿನ್ನೆ ಮೊನ್ನೆ ಹುಟ್ಟಿಕೊಂಡದ್ದಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಸ್ವಂತ ಅಂಗಡಿ, ಸಂತೆಯ ಮಳಿಗೆ, ಆನ್‌ಲೈನ್ ವ್ಯಾಪಾರದಲ್ಲಿರುವವರ ವಿಷಯ ಸ್ವಲ್ಪ ಕಷ್ಟ, ಆದರೆ ಆಗದ್ದಲ್ಲ. ವ್ಯಾಪಾರ ನೋಂದಣಿ ಪತ್ರ ಇದ್ದರೆ ಅದನ್ನು ಕೊಡಿ. ನಮ್ಮಲ್ಲಿ ಯುಪಿಐ ಇರುವಂತೆ ಅಲ್ಲಿ ಪ್ರಾಂಪ್ಟ್‌ಪೇ ಇದೆ. ಗಿರಾಕಿಗಳು ಕ್ಯೂಆರ್ ಸಂಕೇತ ಸ್ಕ್ಯಾನ್ ಮಾಡಿ ಕೊಟ್ಟ ನೂರಿನ್ನೂರು ಬಾತ್‌ಗಳ ಸಾಲುಸಾಲು ಜಮೆಗಳು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಕಾಣುತ್ತವೆ. ಆರು ತಿಂಗಳ ಅಂಥ ಸ್ಟೇಟ್‌ಮೆಂಟು, ಮಳಿಗೆಯ ಬಾಡಿಗೆ ರಸೀದಿ, ಅಂಗಡಿಯಲ್ಲಿ ನಿಂತಿರುವ ಎರಡು ಚಿತ್ರ, ತಾವಿಲ್ಲದಾಗ ಅಂಗಡಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಹೇಳುವ ಒಂದು ಪ್ಯಾರಾ ಇಷ್ಟು ಸೇರಿದರೆ ಒಂದು ಜೀವನೋಪಾಯ ಕಣ್ಣಿಗೆ ಕಟ್ಟುತ್ತದೆ.

ಹಣದ ವಿಷಯದಲ್ಲಿ ಕನಿಷ್ಠ ಇಷ್ಟಿರಬೇಕು ಎಂಬ ಅಂಕಿಯೇ ಈ ವೀಸಾಕ್ಕೆ ಇಲ್ಲ. ಹಣ 28 ದಿನ ಖಾತೆಯಲ್ಲಿ ನಿಂತಿರಬೇಕೆಂಬುದು ವಿದ್ಯಾರ್ಥಿ ವೀಸಾದ ನಿಯಮ. ಅದನ್ನು ಇಲ್ಲಿಗೆ ತಂದು ಗೊಂದಲ ಮಾಡಿಕೊಳ್ಳಬೇಡಿ. ಭೇಟಿಯ ಖರ್ಚು ಅವರ ವರಮಾನಕ್ಕೆ ಹೊಂದುತ್ತದೆಯೇ, ಖಾತೆಯ ಹಣ ಅವರು ಹೇಳುವ ಕೆಲಸದಿಂದಲೇ ಬಂದದ್ದೇ ಎಂದು ಅಧಿಕಾರಿ ನೋಡುತ್ತಾರೆ. ನಮ್ಮ ಎರಡನೆಯ ಅರ್ಜಿಯಲ್ಲಿ ಖಾತೆಯಲ್ಲಿದ್ದದ್ದು 1,90,000 ಬಾತ್, ಎಲ್ಲವೂ ವರ್ಷಗಳ ಉಳಿತಾಯ. ವಿಮಾನದ ಟಿಕೆಟ್ ಮತ್ತು ಕೈಖರ್ಚು ಅವರದು, ವಸತಿ ಊಟ ನಮ್ಮದು ಎಂದು ಬರೆದೆವು. ಬೋನಸ್ಸು, ಚೀಟಿ ಹಣ, ವಾಹನ ಮಾರಿದ ಹಣ ಹೀಗೆ ದೊಡ್ಡ ಜಮೆ ನಿಜವಾಗಿ ಬಂದಿದ್ದರೆ ಅಂಜಬೇಕಾಗಿಲ್ಲ. ಆ ಸಾಲಿನ ಪಕ್ಕದಲ್ಲಿ ಗುರುತು ಹಾಕಿ, ಅದರ ದಾಖಲೆಯನ್ನು ಜೊತೆಗಿಡಿ.

ವಾಪಸು ಕರೆಯುವ ನಂಟುಗಳ ಕಾಗದಗಳನ್ನು ಜನ ಅಗತ್ಯಕ್ಕಿಂತ ಹಗುರವಾಗಿ ಕಾಣುತ್ತಾರೆ. ಥಾಯ್ ಕುಟುಂಬಗಳಲ್ಲಿ ದುಡಿಯುವ ಮಕ್ಕಳು ತಿಂಗಳು ತಿಂಗಳು ತಂದೆತಾಯಿಗೆ ಹಣ ಕಳಿಸುವುದು ಸಹಜ ಕರ್ತವ್ಯ. ನಮ್ಮ ಗೆಳತಿ ಈಶಾನ್ಯ ಭಾಗದ ಖೋನ್ ಕೇನ್ ಕಡೆಯವರು. ಸಂಬಳ ಬಂದ ಮಾರನೆಯ ದಿನವೇ ತಾಯಿಯ ಖಾತೆಗೆ 6,000 ಬಾತ್ ಹೋಗುವುದು ಅವರ ಸ್ಟೇಟ್‌ಮೆಂಟಿನ ಪ್ರತಿ ತಿಂಗಳಲ್ಲೂ ಇತ್ತು. ಮೊದಲ ಅರ್ಜಿಯಲ್ಲಿ ನಾವು ಅದನ್ನು ಗಮನಿಸಿಯೇ ಇರಲಿಲ್ಲ. ಎರಡನೆಯದರಲ್ಲಿ ಆ ಸಾಲುಗಳಿಗೆ ಗುರುತು ಹಾಕಿ, ತಾಯಿ ಅವರ ಆಸರೆಯಲ್ಲಿದ್ದಾರೆ ಎಂದು ಒಂದು ವಾಕ್ಯ ಬರೆದು, ತಾಯಿ ಮಗಳ ಸಂಬಂಧ ತೋರಿಸಲು ‘ತಬಿಯನ್ ಬಾನ್’ ಲಗತ್ತಿಸಿದೆವು. ತಬಿಯನ್ ಬಾನ್ ಎಂದರೆ ಮನೆಯ ನೋಂದಣಿ ಪುಸ್ತಕ. ಥಾಯ್ ಪ್ರಜೆಗಳದ್ದು ನೀಲಿ ಹೊದಿಕೆಯದು. ನಮ್ಮ ಪಡಿತರ ಚೀಟಿಯಂತೆ ಆ ವಿಳಾಸದಲ್ಲಿ ನೋಂದಾಯಿತರಾದವರ ಹೆಸರೆಲ್ಲ ಅದರಲ್ಲಿರುತ್ತದೆ. ಜಮೀನು ಅಥವಾ ಮನೆ ಅವರ ಹೆಸರಿನಲ್ಲಿದ್ದರೆ ಹಕ್ಕುಪತ್ರದ ಪ್ರತಿಯನ್ನೂ ಕೊಡಿ. ಕೆಂಪು ಗರುಡನ ಮುದ್ರೆ ಇರುವ ‘ಚನೋಟ್’ ಪೂರ್ಣ ಒಡೆತನದ ಪತ್ರ. ಹಸಿರು ಅಥವಾ ಕಪ್ಪು ಗರುಡನಿರುವವು ಅದಕ್ಕಿಂತ ಕೆಳಗಿನ ದರ್ಜೆಯ ಹಕ್ಕನ್ನು ಹೇಳುತ್ತವೆ, ಆದರೂ ಅವು ನಂಟನ್ನು ತೋರಿಸುತ್ತವೆ. ಬೇರೆ ದೇಶಗಳಿಗೆ ಹೋಗಿ ಸಮಯಕ್ಕೆ ಸರಿಯಾಗಿ ಹಿಂದಿರುಗಿದ ಮುದ್ರೆಗಳು ಹಳೆಯ ಪಾಸ್‌ಪೋರ್ಟಿನಲ್ಲಿದ್ದರೆ ಆ ಪುಟಗಳ ಪ್ರತಿಯನ್ನು ಮರೆಯಬೇಡಿ.

ಆರು ತಿಂಗಳೊಳಗಿನ ಭೇಟಿಗೆ ಕ್ಷಯರೋಗದ ತಪಾಸಣೆ ಬೇಕಿಲ್ಲ. ಬೇಕು ಎಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ.

ಹೆಸರು, ವರ್ಷ, ಅನುವಾದ

ಒಳ್ಳೆಯ ಅರ್ಜಿಗಳೂ ಇಲ್ಲಿ ತೊಡಕಿಗೆ ಸಿಲುಕುತ್ತವೆ. ಥಾಯ್ ಜನರು ಬಹುಪಾಲು ಅಡ್ಡಹೆಸರಿನಿಂದಲೇ ಒಬ್ಬರನ್ನೊಬ್ಬರು ಕರೆಯುತ್ತಾರೆ. ಚಿಕ್ಕವರು ಎಂಬರ್ಥದ ಲೆಕ್, ಹಕ್ಕಿ ಎಂಬರ್ಥದ ನೊಕ್ ಇಂಥವು ಮನೆಯಲ್ಲೂ ಕಚೇರಿಯಲ್ಲೂ ನಡೆಯುತ್ತವೆ. ಐದು ವರ್ಷ ಪಕ್ಕದ ಮೇಜಿನಲ್ಲಿ ಕೆಲಸ ಮಾಡಿದವರ ಪಾಸ್‌ಪೋರ್ಟಿನ ಹೆಸರು ಗೊತ್ತಿಲ್ಲದಿರುವುದು ಅಲ್ಲಿ ಸೋಜಿಗವಲ್ಲ. ಆದರೆ ನೀವು ಪತ್ರದಲ್ಲಿ ಅಡ್ಡಹೆಸರು ಬರೆದು, ಅರ್ಜಿಯಲ್ಲಿ ನಾಲ್ಕೈದು ಅಕ್ಷರಗುಚ್ಛದ ಬೇರೊಂದು ಹೆಸರಿದ್ದರೆ ಸ್ನೇಹದ ಮೇಲೆಯೇ ಅನುಮಾನ ಬರುತ್ತದೆ. ಪಾಸ್‌ಪೋರ್ಟಿನ ಹೆಸರನ್ನೇ ಬರೆದು, ‘ನಾವು ಇವರನ್ನು ಈ ಹೆಸರಿನಿಂದ ಕರೆಯುತ್ತೇವೆ’ ಎಂದು ಒಮ್ಮೆ ತಿಳಿಸಿಬಿಡಿ. ಫೋನಿನ ಸಂದೇಶಗಳಲ್ಲಿರುವ ಅಡ್ಡಹೆಸರಿಗೂ ಅರ್ಥ ಬರುತ್ತದೆ.

ಒಂದೇ ಥಾಯ್ ಹೆಸರನ್ನು ರೋಮನ್ ಲಿಪಿಗೆ ಇಳಿಸುವಾಗ ಪಾಸ್‌ಪೋರ್ಟಿನವರು ಒಂದು ಕಾಗುಣಿತ, ಕಂಪನಿಯವರು ಇನ್ನೊಂದು ಕಾಗುಣಿತ ಬಳಸಿರುತ್ತಾರೆ. ಒಂದರಲ್ಲಿ ‘ಎಚ್’ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಇನಿಷಿಯಲ್ ವಿಸ್ತರಿಸಲು ಹೋಗಿ ತಂದೆಯ ಹೆಸರೇ ತಮ್ಮ ಹೆಸರಾದ ಕನ್ನಡಿಗರಿಗೆ ಈ ಸಂಕಟ ಹೊಸದಲ್ಲ. ಅನುವಾದಕರಿಗೆ ಪಾಸ್‌ಪೋರ್ಟಿನ ಪ್ರತಿಯನ್ನು ಮೊದಲೇ ಕೊಟ್ಟು, ಎಲ್ಲ ಕಡೆಯೂ ಅದೇ ಕಾಗುಣಿತ ಇರಬೇಕೆಂದು ಹೇಳಬೇಕು. ಶುಭವಾಗಲೆಂದು ಹೆಸರನ್ನೇ ಬದಲಿಸಿಕೊಳ್ಳುವುದೂ ಅಲ್ಲಿ ಸಾಮಾನ್ಯ. ಹಾಗಿದ್ದರೆ ಹೆಸರು ಬದಲಾವಣೆಯ ಪ್ರಮಾಣಪತ್ರವಿಲ್ಲದೆ ಹಳೆಯ ಕಾಗದಗಳು ಬೇರೆ ಯಾರದೋ ಕಾಗದಗಳಾಗಿಬಿಡುತ್ತವೆ.

ವರ್ಷದ ಲೆಕ್ಕ ಇನ್ನೂ ಸೂಕ್ಷ್ಮ. ಥಾಯ್ಲೆಂಡಿನಲ್ಲಿ ಬಳಕೆಯಲ್ಲಿರುವುದು ಬುದ್ಧ ಶಕ. ಕ್ರಿಸ್ತಶಕಕ್ಕಿಂತ 543 ವರ್ಷ ಮುಂದು. ಕ್ರಿ.ಶ. 2025 ಅಲ್ಲಿ 2568. ಕಂಪನಿಯ ಪತ್ರದಲ್ಲಿ ಕೆಲಸಕ್ಕೆ ಸೇರಿದ ವರ್ಷ 2559 ಎಂದಿದ್ದರೆ ಅದು 2016. ಎರಡೇ ಅಂಕಿಯಲ್ಲಿ ಬರೆದಾಗ ತೊಂದರೆ ಹೆಚ್ಚುತ್ತದೆ: ‘12/03/68’ ಎಂಬುದನ್ನು ಥಾಯ್ ಕಣ್ಣು 2025ರ ಮಾರ್ಚ್ 12 ಎಂದು ಓದುತ್ತದೆ, ಲಂಡನ್ನಿನ ಕಣ್ಣು 1968 ಎಂದು ಓದುತ್ತದೆ. ಪಾಸ್‌ಬುಕ್ಕಿನ ನಕಲನ್ನು ನೆಚ್ಚಿಕೊಳ್ಳುವುದಕ್ಕಿಂತ ಬ್ಯಾಂಕಿನ ಶಾಖೆಯಲ್ಲಿ ಕೇಳಿ ಇಂಗ್ಲಿಷ್ ಸ್ಟೇಟ್‌ಮೆಂಟನ್ನೇ ಪಡೆಯುವುದು ಒಳ್ಳೆಯದು. ಸಣ್ಣ ಶುಲ್ಕಕ್ಕೆ ಮುದ್ರೆ ಹಾಕಿ ಕೊಡುತ್ತಾರೆ.

ಇಂಗ್ಲಿಷ್ ಅಥವಾ ವೆಲ್ಷ್ ಭಾಷೆಯಲ್ಲಿಲ್ಲದ ಪ್ರತಿ ಕಾಗದಕ್ಕೂ ಪೂರ್ಣ ಅನುವಾದ ಬೇಕು. ಅನುವಾದದ ಕೊನೆಯಲ್ಲಿ ಇದು ಮೂಲಕ್ಕೆ ನಿಷ್ಠವಾದ ಅನುವಾದ ಎಂಬ ಹೇಳಿಕೆ, ದಿನಾಂಕ, ಅನುವಾದಕರ ಪೂರ್ಣ ಹೆಸರು, ಸಹಿ ಮತ್ತು ಸಂಪರ್ಕ ವಿವರ ಇರಬೇಕು. ಮೂಲದ ಪ್ರತಿಯನ್ನೂ ಅನುವಾದವನ್ನೂ ಒಂದೇ ಕಡತದಲ್ಲಿ ಒಂದರ ಹಿಂದೆ ಒಂದು ಇಟ್ಟರೆ ಓದುವವರಿಗೆ ಹುಡುಕಾಟ ತಪ್ಪುತ್ತದೆ.

ನಿಮ್ಮ ಕಡೆಯ ಕಾಗದ ಮತ್ತು ಆಹ್ವಾನ ಪತ್ರ

ನಿಮ್ಮ ಪಾಸ್‌ಪೋರ್ಟಿನ ಪ್ರತಿ, ಇಲ್ಲಿ ವಾಸಿಸಲು ಇರುವ ಅನುಮತಿಯ ದಾಖಲೆ, ಮೂರರಿಂದ ಆರು ತಿಂಗಳ ಸಂಬಳದ ಚೀಟಿ, ಅದೇ ಅವಧಿಯ ಬ್ಯಾಂಕ್ ಸ್ಟೇಟ್‌ಮೆಂಟು, ಕೌನ್ಸಿಲ್ ಟ್ಯಾಕ್ಸ್ ಬಿಲ್ಲು, ಮನೆ ಸ್ವಂತದ್ದಾದರೆ ಒಡೆತನದ ಪತ್ರ, ಬಾಡಿಗೆಯದಾದರೆ ಕರಾರುಪತ್ರ ಇಷ್ಟು ಸಾಕು. ಬಾಡಿಗೆ ಮನೆಯಾಗಿದ್ದರೆ ಅತಿಥಿ ಇರುವುದಕ್ಕೆ ಅಭ್ಯಂತರವಿಲ್ಲ ಎಂದು ಮಾಲೀಕರಿಂದ ನಾಲ್ಕು ಸಾಲು ಬರೆಸಿಕೊಂಡರೆ ಇನ್ನೂ ಒಳ್ಳೆಯದು. ಸ್ನೇಹಕ್ಕೆ ಸಾಕ್ಷಿಯಾಗಿ ಬೇರೆ ಬೇರೆ ವರ್ಷಗಳ ಐದಾರು ಚಿತ್ರ, ನಿಮ್ಮ ಪಾಸ್‌ಪೋರ್ಟಿನಲ್ಲಿರುವ ಥಾಯ್ಲೆಂಡಿನ ಮುದ್ರೆಗಳು, ಸಂದೇಶಗಳ ನಾಲ್ಕೈದು ಪುಟ ಕೊಡಿ. ಇನ್ನೂರು ಪುಟ ಹರಟೆಯನ್ನು ಮುದ್ರಿಸಿ ಕಳಿಸುವುದರಿಂದ ಬೇಕಾದ ಕಾಗದವೂ ಅದರಡಿಯಲ್ಲಿ ಹೂತುಹೋಗುತ್ತದೆ. ಸಂಬಂಧ ಸ್ನೇಹಕ್ಕಿಂತ ಹೆಚ್ಚಿನದಾಗಿದ್ದರೆ ಅದನ್ನು ಮುಚ್ಚಿಡದೆ ಹಾಗೆಯೇ ಹೇಳಿ. ಇಲ್ಲಿ ಬಂದು ಮದುವೆಯಾಗುವ ಯೋಚನೆಯಿದ್ದರೆ ಈ ವೀಸಾ ಸಲ್ಲದು, ಅದಕ್ಕೆ ಬೇರೆಯದೇ ಇದೆ.

ಪತ್ರ ಇಂಗ್ಲಿಷಿನಲ್ಲಿ, ಒಂದು ಪುಟದೊಳಗೆ ಇರಲಿ. ಎರಡನೆಯ ಸಲ ನಾನು ಬರೆದದ್ದರ ತಿರುಳು ಹೀಗಿತ್ತು: ‘ನಾನು ಇಂಥವನು, ಈ ವಿಳಾಸದಲ್ಲಿ ಹೆಂಡತಿ ಮತ್ತು ಒಬ್ಬ ಮಗನೊಡನೆ ಮೂರು ಕೋಣೆಗಳ ಮನೆಯಲ್ಲಿದ್ದೇನೆ. ಅರ್ಜಿದಾರರು ಬ್ಯಾಂಕಾಕಿನಲ್ಲಿ ನನ್ನ ಸಹೋದ್ಯೋಗಿಯಾಗಿದ್ದವರು. ಅಂದಿನಿಂದಲೂ ನಮ್ಮ ಕುಟುಂಬದ ಆಪ್ತರು. ಆಗಸ್ಟ್ 2ರಿಂದ 22ರವರೆಗೆ, 21 ದಿನ, ನಮ್ಮ ಮನೆಯಲ್ಲಿರುತ್ತಾರೆ. ವಸತಿ ಮತ್ತು ಊಟ ನಮ್ಮದು. ವಿಮಾನದ ಖರ್ಚು ಮತ್ತು ಕೈಖರ್ಚು ಅವರದು. 25ರಂದು ಅವರು ಕೆಲಸಕ್ಕೆ ಹಾಜರಾಗಬೇಕಿದೆ, ಕಂಪನಿಯ ಪತ್ರ ಲಗತ್ತಿಸಿದೆ. ಹಿಂದೆ ಅರ್ಜಿ ತಿರಸ್ಕೃತವಾಗಿತ್ತು. ಅದರ ಕಾರಣಗಳಿಗೆ ಅರ್ಜಿದಾರರು ಪ್ರತ್ಯೇಕ ಪತ್ರದಲ್ಲಿ ಉತ್ತರಿಸಿದ್ದಾರೆ.’ ಪ್ರೀತಿ, ಋಣ, ಗಂಜಿಯ ಕಥೆ ಯಾವುದೂ ಅದರಲ್ಲಿ ಇರಲಿಲ್ಲ.

ಜೊತೆಗೆ ಅರ್ಧ ಪುಟದ ಪ್ರವಾಸದ ಯೋಜನೆ ಇರಲಿ. ಅದು ನಿಮ್ಮ ಮನೆಯದೇ ಯೋಜನೆ ಎಂದು ಕಾಣುವಂತಿರಬೇಕು. ನಾವು ವಿಂಬಲ್ಡನ್ನಿನಲ್ಲಿರುವ ಬುದ್ಧಪದೀಪ ಥಾಯ್ ವಿಹಾರಕ್ಕೆ ಒಂದು ಭಾನುವಾರ, ಲ್ಯಾಂಬೆತ್‌ನಲ್ಲಿ ಥೇಮ್ಸ್ ದಂಡೆಯ ಮೇಲೆ 2015ರ ನವೆಂಬರ್ 14ರಂದು ಅನಾವರಣವಾದ ಬಸವೇಶ್ವರರ ಪ್ರತಿಮೆಗೂ ಅಲ್ಲಿಂದ ವೆಸ್ಟ್‌ಮಿನ್ಸ್ಟರಿಗೂ ಒಂದು ಶನಿವಾರ ಎಂದು ಬರೆದಿದ್ದೆವು. ಪ್ಯಾರಿಸ್ಸಿಗೂ ಒಂದು ದಿನ ಹೋಗಿಬರೋಣ ಎಂದು ಬರೆಯುವ ಮುನ್ನ ಯೋಚಿಸಿ. ಬ್ರಿಟನ್ನಿನ ವೀಸಾ ಅಲ್ಲಿ ನಡೆಯುವುದಿಲ್ಲ, ಥಾಯ್ ಪ್ರಜೆಗಳಿಗೆ ಷೆಂಗೆನ್ ವೀಸಾ ಬೇರೆಯೇ ಬೇಕು.

‘ಮಗುವನ್ನು ನೋಡಿಕೊಳ್ಳಲು ನೆರವಾಗುತ್ತಾರೆ’, ‘ನಮ್ಮ ಹೋಟೆಲಿನಲ್ಲಿ ಸ್ವಲ್ಪ ಕೈಜೋಡಿಸುತ್ತಾರೆ’ ಎಂಬಂಥ ಮಾತನ್ನು ಬರೆಯಲೂ ಬೇಡಿ, ಹಾಗೆ ಮಾಡಿಸುವ ಯೋಚನೆಯನ್ನೂ ಇಟ್ಟುಕೊಳ್ಳಬೇಡಿ. ಸಂದರ್ಶಕರು ಇಲ್ಲಿ ಕೆಲಸ ಮಾಡುವಂತಿಲ್ಲ.

ಅರ್ಜಿ ತುಂಬುವುದು

ಗವ್ ಡಾಟ್ ಯುಕೆ ಎಂಬ ಸರ್ಕಾರಿ ಜಾಲತಾಣದಲ್ಲಿಯೇ ತುಂಬಬೇಕು. ಅದೇ ಬಣ್ಣ, ಅದೇ ವಿನ್ಯಾಸದಲ್ಲಿ ಹೆಚ್ಚು ಹಣ ಕೀಳುವ ಬೇರೆ ತಾಣಗಳಿವೆ. ವಿಳಾಸವನ್ನು ಎರಡು ಸಲ ನೋಡಿ. ಇಂಗ್ಲಿಷ್ ಬಲ್ಲ ನೀವು ಕುಳಿತು ತುಂಬಿಕೊಡಬಹುದು, ಆದರೆ ಇಮೇಲ್ ಗೆಳತಿಯದೇ ಇರಲಿ, ಏಕೆಂದರೆ ತೀರ್ಮಾನದ ಸುದ್ದಿ ಬರುವುದು ಅಲ್ಲಿಗೆ. ಉತ್ತರಗಳ ಹೊಣೆಯೂ ಅವರದೇ. ಆದ್ದರಿಂದ ವಿಡಿಯೋ ಕರೆಯಲ್ಲಿ ಇಬ್ಬರೂ ಕೂತು, ಒಂದೊಂದು ಪ್ರಶ್ನೆಯನ್ನೂ ಅವರಿಗೆ ಅರ್ಥವಾಗುವಂತೆ ಹೇಳಿ, ಅವರು ಹೇಳಿದ್ದನ್ನೇ ಬರೆಯಿರಿ. ನಮಗೆ ಎರಡು ಸಂಜೆ ಹಿಡಿಯಿತು.

ತಿಂಗಳ ವರಮಾನ, ತಿಂಗಳ ಖರ್ಚು, ಉಳಿತಾಯ, ಈ ಪ್ರವಾಸಕ್ಕೆ ತಗಲುವ ಹಣ, ಅದನ್ನು ಕೊಡುವವರು ಯಾರು ಎಂಬ ಪ್ರಶ್ನೆಗಳ ಉತ್ತರ ಬ್ಯಾಂಕ್ ಸ್ಟೇಟ್‌ಮೆಂಟಿಗೆ ತಾಳೆಯಾಗಬೇಕು. ವರಮಾನ 34,000, ಖರ್ಚು 10,000 ಎಂದು ಬರೆದು, ಸ್ಟೇಟ್‌ಮೆಂಟಿನಲ್ಲಿ ತಿಂಗಳ ಕೊನೆಗೆ ಐದು ಸಾವಿರವೂ ಉಳಿಯದಿದ್ದರೆ ಅಧಿಕಾರಿ ಯಾವುದನ್ನು ನಂಬಬೇಕು? ತಂದೆತಾಯಿಯ ಹುಟ್ಟಿದ ದಿನಾಂಕ, ಕಳೆದ ಹತ್ತು ವರ್ಷಗಳ ವಿದೇಶ ಪ್ರಯಾಣ, ಯಾವುದೇ ದೇಶದ ವೀಸಾ ನಿರಾಕರಣೆ ಎಲ್ಲವನ್ನೂ ಕೇಳುತ್ತಾರೆ. ಹಳೆಯ ನಿರಾಕರಣೆಯನ್ನು ಮುಚ್ಚಿಡುವುದು ಅತಿ ದೊಡ್ಡ ತಪ್ಪು. ನಿರಾಕರಣೆಗೆ ಉತ್ತರ ಕೊಡಬಹುದು. ಸುಳ್ಳು ಹೇಳಿಕೆಗೋ ನಕಲಿ ದಾಖಲೆಗೋ ಸಿಕ್ಕಿಬಿದ್ದರೆ ಹತ್ತು ವರ್ಷ ಬ್ರಿಟನ್ನಿನ ಬಾಗಿಲು ಮುಚ್ಚುತ್ತದೆ. ನಕಲಿ ಸಂಬಳದ ಚೀಟಿ ಮಾಡಿಕೊಡುವ ಏಜೆಂಟರು ಆ ಹತ್ತು ವರ್ಷದಲ್ಲಿ ನಿಮ್ಮ ಗೆಳತಿಯ ಜೊತೆ ಇರುವುದಿಲ್ಲ. ವೃತ್ತಿಪರ ಸಲಹೆಯೇ ಬೇಕಾದರೆ, ಬ್ರಿಟನ್ನಿನಲ್ಲಿ ನೋಂದಾಯಿತ ಸಲಹೆಗಾರರನ್ನೇ ಕಾಣಿ. ಅವರ ಮೇಲ್ವಿಚಾರಣೆ ಮಾಡುವ ಸಂಸ್ಥೆಗೆ 2025ರ ಜನವರಿಯಿಂದ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿ ಎಂಬ ಹೆಸರಿದೆ.

ಬೆರಳಚ್ಚಿನ ದಿನ

ಶುಲ್ಕ ಕಟ್ಟಿದ ಮೇಲೆ ಬ್ಯಾಂಕಾಕಿನಲ್ಲಿ ವಿಎಫ್‌ಎಸ್ ಗ್ಲೋಬಲ್ ನಡೆಸುವ ವೀಸಾ ಕೇಂದ್ರಕ್ಕೆ ದಿನ ಗೊತ್ತುಮಾಡಿಕೊಳ್ಳಬೇಕು. ಕಾಗದಗಳನ್ನು ಮೊದಲೇ ಮನೆಯಿಂದ ಉಚಿತವಾಗಿ ಅಪ್‌ಲೋಡ್ ಮಾಡಬಹುದು. ಕೇಂದ್ರದಲ್ಲಿ ಬೆರಳಚ್ಚು ಮತ್ತು ಮುಖದ ಚಿತ್ರ ತೆಗೆದುಕೊಳ್ಳುತ್ತಾರೆ. ಅಲ್ಲಿಯವರು ತೀರ್ಮಾನ ಕೊಡುವವರಲ್ಲ, ಅವರ ಅಭಿಪ್ರಾಯ ಕೇಳಿ ಮನಸ್ಸು ಕೆಡಿಸಿಕೊಳ್ಳಬೇಕಾಗಿಲ್ಲ. ಸಂದೇಶ ಸೇವೆ, ವಿಶೇಷ ಕೊಠಡಿ, ಕೊರಿಯರ್ ಎಂದು ಹೇಳುವ ಹೆಚ್ಚಿನ ಸೇವೆಗಳಿಂದ ವೀಸಾ ಸಿಗುವ ಸಾಧ್ಯತೆ ಹೆಚ್ಚುವುದಿಲ್ಲ. 500 ಪೌಂಡ್ ಹೆಚ್ಚು ಕೊಟ್ಟು ಐದು ಕೆಲಸದ ದಿನಗಳಲ್ಲಿ ತೀರ್ಮಾನ ಪಡೆಯುವ ತ್ವರಿತ ಸೇವೆಯಿಂದಲೂ ತೀರ್ಮಾನ ಬೇಗ ಬರುತ್ತದೆಯೇ ಹೊರತು ಅನುಕೂಲವಾಗಿಯೇ ಬರುತ್ತದೆ ಎಂದಲ್ಲ.

ನಿರಾಕರಣೆ ಬಂದರೆ

ಸಂದರ್ಶಕರ ವೀಸಾ ನಿರಾಕರಣೆಗೆ ಸಾಮಾನ್ಯವಾಗಿ ಮೇಲ್ಮನವಿ ಇಲ್ಲ. ಕುಟುಂಬ ಸಂದರ್ಶಕರಿಗಿದ್ದ ಪೂರ್ಣ ಮೇಲ್ಮನವಿಯ ಹಕ್ಕನ್ನೂ 2013ರ ಜೂನ್ 25ರಿಂದ ತೆಗೆದುಹಾಕಲಾಯಿತು. ಆದರೆ ಮತ್ತೆ ಅರ್ಜಿ ಹಾಕಲು ಕಾಯಬೇಕಾದ ಅವಧಿ ಏನೂ ಇಲ್ಲ. ಹಾಗೆಂದು ಮಾರನೆಯ ದಿನವೇ ಅದೇ ಕಾಗದಗಳನ್ನು ಮತ್ತೆ ಕಳಿಸಿದರೆ ಅದೇ ಉತ್ತರ ಬರುತ್ತದೆ. ನಿರಾಕರಣೆಯ ಪತ್ರವನ್ನು ಮುದ್ರಿಸಿ, ಪ್ರತಿ ಕಾರಣಕ್ಕೂ ಅಂಚಿನಲ್ಲಿ ಅಂಕಿ ಹಾಕಿ. ಪ್ರತಿಯೊಂದರ ಎದುರು ‘ಇದಕ್ಕೆ ನಮ್ಮಲ್ಲಿ ಯಾವ ಕಾಗದವಿದೆ’ ಎಂದು ಬರೆಯಿರಿ. ನಮ್ಮ ಪತ್ರದಲ್ಲಿ ನಾಲ್ಕು ಕಾರಣಗಳಿದ್ದವು. ಅಕ್ಕನ ಹಣವನ್ನು ಹಿಂದಿರುಗಿಸಿದ ವರ್ಗಾವಣೆಯ ದಾಖಲೆ ಮತ್ತು ಅದು ಕೈಗಡವಾಗಿತ್ತೆಂದು ಒಪ್ಪಿಕೊಂಡ ಹೇಳಿಕೆ ಮೊದಲನೆಯದಕ್ಕೆ ಉತ್ತರವಾಯಿತು. ಗೆಳತಿ ಆ ಹೇಳಿಕೆ ಬರೆಯಲು ಬಹಳ ಸಂಕೋಚಪಟ್ಟರು. ಥಾಯ್ ಜನರಿಗೆ ಮುಖ ಕಳೆದುಕೊಳ್ಳುವುದೆಂದರೆ ಸಣ್ಣ ನೋವಲ್ಲ. ತಪ್ಪು ಅವರದಲ್ಲ, ತಪ್ಪು ಸಲಹೆಯದು ಎಂದು ನನ್ನ ಹೆಂಡತಿ ಅವರೊಡನೆ ಒಂದು ಗಂಟೆ ಮಾತಾಡಿದ ಮೇಲೆ ಬರೆದರು. ನಿರಾಕರಣೆ ಬಂದಾಗ ನಿಮ್ಮ ಸ್ನೇಹಿತರಿಗೆ ಕಾಗದಕ್ಕಿಂತ ಮೊದಲು ಇಂಥ ಮಾತು ಬೇಕಾಗುತ್ತದೆ ಎಂಬುದನ್ನು ಮರೆಯಬೇಡಿ.

ವೀಸಾ ಬಂದ ಮೇಲೆ

ಹೆಸರು, ಹುಟ್ಟಿದ ದಿನ, ವೀಸಾ ಶುರುವಾಗುವ ಮತ್ತು ಮುಗಿಯುವ ದಿನಗಳನ್ನು ಕೂಡಲೇ ಪರೀಕ್ಷಿಸಿ; ತಪ್ಪಿದ್ದರೆ ಪ್ರಯಾಣಕ್ಕೆ ಮುಂಚೆ ತಿದ್ದಿಸಿಕೊಳ್ಳಬೇಕು. ಪ್ರಯಾಣ ವಿಮೆ ಕಡ್ಡಾಯವಲ್ಲ, ಆದರೂ ಮಾಡಿಸಿ. ಅಪಘಾತ ಮತ್ತು ತುರ್ತು ವಿಭಾಗದ ಚಿಕಿತ್ಸೆಗೆ ಹಣ ಕೇಳುವುದಿಲ್ಲ, ಆದರೆ ಅಲ್ಲಿಂದ ಆಸ್ಪತ್ರೆಗೆ ಸೇರಿಸಿಕೊಂಡರೆ ಸಂದರ್ಶಕರಿಗೆ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಸಾಮಾನ್ಯ ದರದ ಒಂದೂವರೆ ಪಟ್ಟು ಹಾಕುತ್ತಾರೆ.

ಪ್ರೀತಿಯಿಂದ ತರುವ ತಿಂಡಿಗಳ ಬಗ್ಗೆ ಮೊದಲೇ ಹೇಳಿಬಿಡಿ. ಈಸಾನ್ ಎಂದು ಕರೆಯುವ ಈಶಾನ್ಯ ಭಾಗದ ಹುಳಿ ಸಾಸೇಜು, ಒಣ ಹಂದಿ ಮಾಂಸದ ಎಳೆ, ಹಾಲಿನ ಪದಾರ್ಥ ಇವನ್ನು ಥಾಯ್ಲೆಂಡಿನಿಂದ ಇಲ್ಲಿಗೆ ತರುವಂತಿಲ್ಲ. ವಿಮಾನ ನಿಲ್ದಾಣದಲ್ಲಿ ತೆಗೆದು ಎಸೆಯುತ್ತಾರೆ. ನಮ್ಮ ಗೆಳತಿ ಒಣಮೆಣಸಿನ ಪುಡಿಯನ್ನೂ ಮಗನಿಗೆಂದು ಒಂದು ಬಟ್ಟೆಯ ಆನೆಯನ್ನೂ ತಂದರು.

ವೀಸಾ ಇದ್ದರೂ ಗಡಿಯಲ್ಲಿ ಪ್ರಶ್ನೆ ಕೇಳುವ ಅಧಿಕಾರ ಅಧಿಕಾರಿಗಿದೆ. ಥಾಯ್ ಪಾಸ್‌ಪೋರ್ಟಿನವರು ಸ್ವಯಂಚಾಲಿತ ದ್ವಾರಗಳನ್ನು ಬಳಸುವಂತಿಲ್ಲವಾದ್ದರಿಂದ ಸರದಿಯಲ್ಲಿ ನಿಂತು ಅಧಿಕಾರಿಯ ಮುಂದೆಯೇ ಹೋಗಬೇಕು. ಆಹ್ವಾನ ಪತ್ರ, ಕಂಪನಿಯ ರಜೆ ಪತ್ರ, ಹಿಂದಿರುಗುವ ಟಿಕೆಟ್, ವಿಮೆ ಇವುಗಳ ಮುದ್ರಿತ ಪ್ರತಿಗಳು ಸೂಟ್‌ಕೇಸಿನಲ್ಲಲ್ಲ, ಕೈಚೀಲದಲ್ಲಿರಬೇಕು. ಹೀಥ್ರೋದಲ್ಲಿ ನಮ್ಮ ಗೆಳತಿಯನ್ನು ಕೇಳಿದ್ದು ಎರಡೇ ಪ್ರಶ್ನೆ: ಯಾರ ಮನೆಗೆ, ಯಾವಾಗ ವಾಪಸು. ಇಂಗ್ಲಿಷ್ ತಡವರಿಸಿದಾಗ ಅವರು ಪತ್ರದ ಪ್ರತಿಯನ್ನು ಮುಂದಿಟ್ಟರು. ಅಧಿಕಾರಿ ದಿನಾಂಕದ ಸಾಲನ್ನು ಬೆರಳಿಟ್ಟು ಓದಿ ಒಳಗೆ ಬಿಟ್ಟರಂತೆ. ಆ ಹೊತ್ತಿನಲ್ಲಿ ಅಧಿಕಾರಿ ನಿಮಗೇ ಕರೆ ಮಾಡಿ ವಿಚಾರಿಸಲೂಬಹುದು. ವಿಮಾನ ಇಳಿದ ಗಳಿಗೆಯಿಂದ ಅವರು ಹೊರಗೆ ಬರುವವರೆಗೆ ನಿಮ್ಮ ಫೋನಿಗೆ ಚಾರ್ಜ್ ಇರಲಿ, ಗೊತ್ತಿಲ್ಲದ ಸಂಖ್ಯೆಯಿಂದ ಕರೆ ಬಂದರೂ ಎತ್ತಿಕೊಳ್ಳಿ.